ಎರಡನೆಯ ಒಂದೂವರೆ

ಅಕ್ಟೋಬರಿನ ಕೊನೆಯ ಭಾನುವಾರ ಲಂಡನ್ನಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಅಲ್ಲಿ ರಾತ್ರಿ ಒಂದೂವರೆ ಎರಡು ಸಲ ಬರುತ್ತದೆ. ನಮ್ಮ ಗ್ರಾಹಕರ ಕಂಪ್ಯೂಟರ್ ಬ್ಯಾಕಪ್ಪೂ ಎರಡು ಸಲ ಶುರುವಾಗುತ್ತಿತ್ತು. ಎರಡನೆಯದನ್ನು ಕೈಯಾರೆ ನಿಲ್ಲಿಸಲು ನಾನೂ ಮಂಗಳೂರು ಕಡೆಯ ಸಹೋದ್ಯೋಗಿಯೂ ಮಲೇಷ್ಯಾದ ಬ್ರಿಕ್‌ಫೀಲ್ಡ್ಸ್‌ನ ನನ್ನ ಮನೆಯಲ್ಲಿ, ಟಪಾವ್ ಅಂದರೆ ಪಾರ್ಸೆಲ್ ಕಟ್ಟಿಸಿ ತಂದ ರೋಟಿ ಚನಾಯ್ ತಿನ್ನುತ್ತಾ ಕಾಯುತ್ತಿದ್ದೆವು. ನಮಗಾಗ ಬೆಳಿಗ್ಗೆ ಒಂಬತ್ತೂವರೆ.

“ಅವರಿಗೆ ಒಂದು ಗಂಟೆ ನಿದ್ದೆ ಜಾಸ್ತಿ, ನನಗೆ ಚರ್ಚಿನ ಪೂಜೆ ಮಿಸ್ಸು. ಎಂಥ ನ್ಯಾಯ ಮಾರಾಯ್ರೆ!” ಎಂದು ಅವರು ಗೊಣಗುತ್ತಿದ್ದರು. ನಾನಂತೂ ಲಂಡನ್ನಿಗೇ ಶಾಪ ಹಾಕುತ್ತಿದ್ದೆ.

ಈಗ ಅದನ್ನೆಲ್ಲ ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ. ಅವರು ಊರಿಗೆ ಮರಳಿದ್ದಾರೆ. ಕಳೆದ ಅಕ್ಟೋಬರಿನ ಅದೇ ಭಾನುವಾರ, ಇಲ್ಲಿ ಸರಿಯಾಗಿ ಒಂಬತ್ತೂವರೆಗೆ, ಅವರ ಮೆಸೇಜ್ ಬಂತು: “ಎರಡನೇದು ನಿಲ್ಲಿಸಿದ್ರಾ?”

ನಿಲ್ಲಿಸಲು ಏನೂ ಇರಲಿಲ್ಲ. “ನಿಲ್ಲಿಸಿದೆ, ನೀವು ಪೂಜೆಗೆ ಹೊರಡಿ” ಎಂದು ಬರೆದೆ.