ಮೊಳೆ ಇಲ್ಲದ ಮರ

ನಾರಾವಿಯಲ್ಲಿ ನನ್ನ ಸೋದರಮಾವನ ತೋಟದ ಹಲಸಿನ ಮರಕ್ಕೆ ಹಕ್ಕಿಗೂಡಿನ ಪೆಟ್ಟಿಗೆ ಕಟ್ಟಲು ಹೋದಾಗ ಅವರು ಮೊದಲು ಕೇಳಿದ್ದು ಮೊಳೆಯ ಬಗ್ಗೆ.

“ಮೊಳೆ ಹೊಡೆದರೆ ಮರ ಹಾಳು. ಗರಗಸದ ಹಲ್ಲು ಹೋಗ್ತದೆ ಅಂತ ಮಿಲ್ಲಿನವರು ಮುಟ್ಟುವುದಿಲ್ಲ.”

ಮೊಳೆ, ತಂತಿ, ನೈಲಾನು ಯಾವುದನ್ನೂ ಬಳಸುವುದಿಲ್ಲವೆಂದೆ. ಗೋಣಿಯ ತುಂಡನ್ನು ತೊಗಟೆಗೆ ಒತ್ತಿಟ್ಟು, ಅದರ ಮೇಲೆ ತೆಂಗಿನ ನಾರಿನ ಹಗ್ಗವನ್ನು ಮೂರು ಸುತ್ತು ಬಿಗಿದೆ. ಕೆಲವು ಮಳೆಗಾಲ ಕಳೆದರೆ ಅದು ತಾನೇ ಕೊಳೆತು ಬೀಳುತ್ತದೆ, ಮರಕ್ಕೆ ಗಾಯವಾಗುವುದಿಲ್ಲ. ಮಾವ ಕೆಳಗೆ ನಿಂತು ಪ್ರತಿ ಗಂಟನ್ನೂ ನೋಡಿದರು. ಏಣಿ ಹಿಡಿಯಲಿಲ್ಲ.

“ಎಂ.ಎಸ್ಸಿ. ಮಾಡಿದ್ದು ಹಕ್ಕಿಗೆ ಬಿಡಾರ ಕಟ್ಟಲಿಕ್ಕಾ?”

ಏಪ್ರಿಲಿನಲ್ಲಿ ಮಡಿವಾಳ ಹಕ್ಕಿ ಅದರಲ್ಲಿ ಮೊಟ್ಟೆಯಿಟ್ಟಿತು. ಮೊಟ್ಟೆಯೊಡೆದು ನಾಲ್ಕು ಮರಿಗಳು ಹೊರಬಂದ ವಾರದಲ್ಲೇ, ಹೊಸ ಮನೆಯ ಬಾಗಿಲಿನ ಚೌಕಟ್ಟಿಗೆ, ದಾರಂದಕ್ಕೆ, ಆ ಮರ ಕಡಿಸುತ್ತೇನೆಂದು ಮಾವ ಅಮ್ಮನಿಗೆ ಫೋನಿನಲ್ಲಿ ತಿಳಿಸಿದರು. ಮರುದಿನ ಮೂಡುಬಿದಿರೆಯಿಂದ ಮೊದಲ ಬಸ್ಸಿಗೇ ಹೋದೆ.

“ಮರಿ ಹಾರಲಿಕ್ಕೆ ಹತ್ತು ದಿನ ಸಾಕು, ಮಾವ.”

“ಅದರ ಬಾಣಂತನ ಮುಗಿಯುವವರೆಗೆ ಆಚಾರಿಯನ್ನು ಸುಮ್ಮನೆ ಕೂರಿಸಬೇಕಾ? ನಾಳೆ ಕಡಿಯುವುದೇ. ಪೆಟ್ಟಿಗೆ ಬೇಕಿದ್ದರೆ ಇವತ್ತೇ ಬಿಚ್ಚಿ ಕೊಂಡುಹೋಗು.”

ಜಾಗ ಬದಲಿಸಿದರೆ ತಾಯಿ ಹಕ್ಕಿ ಹುಡುಕಿ ಬರುವ ಭರವಸೆಯಿಲ್ಲ ಎಂದೆ.

“ಹಕ್ಕಿ ಬಾರದಿದ್ದರೆ ಬೆಕ್ಕು ಬರ್ತದೆ.”

ಅಷ್ಟರಲ್ಲಿ ಮಿಲ್ಲಿನವರೊಬ್ಬರು ಮರ ನೋಡಲು ಬಂದರು. ಕಾಂಡದ ಸುತ್ತ ಕೈಯಾಡಿಸಿ, ಮೇಲಿನ ಪೆಟ್ಟಿಗೆ ನೋಡಿ, “ಮೊಳೆ ಉಂಟಾ ಅದಕ್ಕೆ?” ಎಂದು ಕೇಳಿದರು.

“ಇಲ್ಲ, ಬರೀ ಹಗ್ಗ,” ಅಂದರು ಮಾವ.

“ಉಂಟು,” ಎಂದೆ ನಾನು. “ಆರು. ನಾಲ್ಕಿಂಚಿನದ್ದು. ತಲೆ ಒಳಗೆ ಇಳಿಸಿದ್ದೇನೆ, ಹೊರಗೆ ಕಾಣುವುದಿಲ್ಲ.”

ಅವರು ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು. “ನನಗೆ ಈ ರಗಳೆ ಬೇಡ ಮಾರಾಯ್ರೆ,” ಎಂದು ಬೈಕು ತಿರುಗಿಸಿದರು.

“ನಾನು ಕಣ್ಣಾರೆ ನೋಡಿದ್ದೇನೆ. ನೀನು ಹೇಳಿದ್ದು ಸುಳ್ಳು,” ಅಂದರು ಮಾವ.

“ಹೌದು.”

“ಪರರ ಎದುರು ನನ್ನನ್ನು ಸುಳ್ಳುಗಾರ ಮಾಡಿದೆ. ಇನ್ನು ಈ ಜಾಗಕ್ಕೆ ಕಾಲಿಡಬೇಡ.”

ಏಣಿ ತಂದು ಪೆಟ್ಟಿಗೆಯನ್ನು ಅವರೇ ಕಿತ್ತೆಸೆಯಬಹುದಿತ್ತು. ಏಕೋ ಎಸೆಯಲಿಲ್ಲ. ಹನ್ನೊಂದನೆಯ ದಿನ ಅತ್ತೆ ಫೋನು ಮಾಡಿ, “ಹಾರಿದವು,” ಎಂದಷ್ಟೇ ಹೇಳಿ ಇಟ್ಟರು. ದಾರಂದಕ್ಕೆ ಬೇರೆ ಕಡೆಯಿಂದ ಮರ ಬಂತಂತೆ.

ಹೊಸ ಮನೆಯ ಒಕ್ಕಲಿಗೆ ಕರೆದ ಕಾಗದದ ಮೇಲೆ ಅಮ್ಮನ ಹೆಸರು ಮಾತ್ರ ಇತ್ತು. ಕ್ಷಮೆ ಕೇಳಿ ಬಾ ಎಂದು ಅಮ್ಮ ಎರಡು ಸಲ ಹೇಳಿದರು. ನಾಲ್ಕು ಮರಿಗಳಿಗಾಗಿ ಹೇಳಿದ ಸುಳ್ಳಿಗೆ ನಾನು ಕ್ಷಮೆ ಕೇಳುವುದಿಲ್ಲವೆಂದೆ.