ಯಾರ ಕುದುರೆ ಬಂತು ಬಾಗಿಲಿಗೆ?

ತೂದಾ ಬಾಯಿ ತೆರೆದರೆ ಬೆಟ್ಟದಾಚೆಗೂ ಮದುವೆ ಸುದ್ದಿ ಮುಟ್ಟುತ್ತಿತ್ತು. ಅಟ್ಲಾಸ್ ಬೆಟ್ಟಗಳ ಆ ಸೀಮೆಯಲ್ಲಿ ಹಾಡು ಒಬ್ಬರ ಸ್ವತ್ತಲ್ಲ. ಒಬ್ಬಳು ಸಾಲು ಎತ್ತಬೇಕು, ಭುಜಕ್ಕೆ ಭುಜ ತಾಗಿಸಿ ನಿಂತ ಹೆಂಗಸರು ಅದನ್ನು ಮುಗಿಸಬೇಕು. ‘ಯಾರ ಕುದುರೆ ಬಂತು ಬಾಗಿಲಿಗೆ?’ ಎಂದು ತೂದಾ ಎತ್ತಿದರೆ ಉಳಿದವರು ಮದುಮಗನ ಹೆಸರು ಕೂಗುತ್ತಿದ್ದರು. ‘ಎಲ್ಲಿಗೆ ಒಯ್ತಾನೆ ನಮ್ಮ ಕೂಸನ್ನ?’ ಎಂದರೆ ಅವನ ಊರಿನ ಹೆಸರು. ಊರ ಹುಡುಗಿ ರಬ್ಹಾಳನ್ನು ಪಟೇಲ ಮೊಹಾನಿಗೆ ಕೊಟ್ಟಾಗಲೂ ಹಾಡೆತ್ತಿದವಳು ತೂದಾಳೇ.

ಅದೇ ಮೊಹಾ ಒಂದು ಬೆಳಗ್ಗೆ ಕುದುರೆ ಏರಿ, ಸಿಪಾಯಿಗಳನ್ನು ಕಟ್ಟಿಕೊಂಡು ಅವಳ ಬಾಗಿಲಿಗೇ ಬಂದ. ಬೆಟ್ಟದಲ್ಲಿ ಬಂಡಾಯ ಎದ್ದಿದ್ದ ವರ್ಷ ಅದು. ತೂದಾಳ ಗಂಡ ಬಸ್ಸೂ, ಹಸಿದು ಬಂದ ಇಬ್ಬರು ಬಂಡಾಯಗಾರರಿಗೆ ರೊಟ್ಟಿ ಕೊಟ್ಟಿದ್ದ. ಅಷ್ಟೇ ಅವನ ತಪ್ಪು! “ಇವನೇ” ಎಂದು ಮೊಹಾ ಬೆರಳು ತೋರಿದ. ಬಸ್ಸೂನ ಕೈ ಕಟ್ಟಿ ಕುದುರೆಯ ಹಿಂದೆ ನಡೆಸಿಕೊಂಡು ಹೋದರು. ಆಮೇಲೆ ಅವನ ಸುದ್ದಿಯೇ ಇಲ್ಲ.

ಊರಿಗೆ ಊರೇ ಕಣ್ಣಾರೆ ಕಂಡಿತ್ತು, ಕಂಡ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ‘ಕರಕೊಂಡು ಹೋದ್ರು’ ಎನ್ನುತ್ತಿದ್ದರೇ ಹೊರತು ಯಾರು ಎನ್ನುತ್ತಿರಲಿಲ್ಲ. ಮೊಹಾನ ಹೆಸರೆತ್ತಿದರೆ ನಾಳೆ ಆ ಕುದುರೆ ತಮ್ಮ ಬಾಗಿಲಿಗೂ ಬಂದೀತೆಂಬ ಪುಕ್ಕಲುತನ. ಬಾಯಿಗೆ ಧೈರ್ಯವಿಲ್ಲದ ಆ ಜನಕ್ಕೆ ಬುದ್ಧಿ ಹೇಳುವ ಚಪಲ ಮಾತ್ರ ಕಡಿಮೆಯಿರಲಿಲ್ಲ.

“ಸಾಕು ಕಣೇ ತೂದಾ, ಗಂಡ ಸತ್ತ ಅಂದ್ಕೊಂಡು ಬಿಳಿ ಉಟ್ಟುಬಿಡು.”

“ಹೆಣ ತೋರ್ಸಿ, ಉಡ್ತೀನಿ!”

ಅವಳು ಬಿಳಿ ಉಡಲಿಲ್ಲ. ಕೆಂಪು ಪಟ್ಟೆಯ ಕಂಬಳಿ ಹೊದ್ದೇ ತಿರುಗಿದಳು, ಜಮಖಾನೆ ನೇಯ್ದು ಮಗಳನ್ನು ಸಾಕಿದಳು. ಹಾಡನ್ನು ಮಾತ್ರ ಬಿಟ್ಟೇಬಿಟ್ಟಳು.

ಮೂವತ್ತು ವರ್ಷ ಕಳೆದ ಮೇಲೆ ಸರ್ಕಾರಕ್ಕೆ ಸತ್ಯ ಕೇಳುವ ಮನಸ್ಸಾಯಿತು. ಆಯೋಗ ಬಂತು. ಪೇಟೆಯ ಸಭಾಂಗಣದಲ್ಲಿ ಕುರ್ಚಿ ಹಾಕಿದರು. ವಿಚಾರಣೆಗೆ ಮೊದಲು ರಾಜಧಾನಿ ರಬಾತಿನಿಂದ ಬಂದಿದ್ದ ಎಳೆಯ ಅಧಿಕಾರಿಣಿ ತೂದಾಳ ಪಕ್ಕ ಕೂತು ಮೆಲ್ಲಗೆ ಹೇಳಿದಳು:

“ತೂದಾ ಅಮ್ಮಾ, ನಿಮ್ಮ ನೋವೆಲ್ಲ ಹೇಳಿ. ಆದ್ರೆ ಮಾಡಿದೋರ ಹೆಸರು ಮಾತ್ರ ಹೇಳ್ಬಾರ್ದು. ಇದು ಕೋರ್ಟಲ್ಲ. ಹೆಸರು ಬಂದ್ರೆ ಮೈಕ್ ಬಂದ್ ಮಾಡ್ತಾರೆ.”

“ಹಾವು ಕಚ್ತು ಅನ್ಬೋದು, ಹಾವು ಇಲ್ಲೇ ಕೂತಿದೆ ಅನ್ಬಾರ್ದು. ಅಲ್ವಾ?”

“ಎಲ್ಲರೂ ಕ್ಷಮಿಸಿ ಮುಂದೆ ಹೋಗ್ಲಿ ಅಂತ, ಅಮ್ಮಾ...”

“ಹೋಗೋಕೆ ನಾನೂ ರೆಡಿ, ಮಗಳೇ. ನನ್ ಗಂಡ ಎಲ್ಲಿದಾನೆ ಹೇಳ್ಲಿ, ಅಲ್ಲಿಗೇ ಹೋಗ್ತೀನಿ.” ಹುಡುಗಿಯ ಮುಖ ಬಾಡಿದ್ದು ಕಂಡು ತೂದಾಳಿಗೇ ಪಾಪ ಅನಿಸಿತು. “ಆಯ್ತು ಬಿಡು. ಆ ಹೆಸರು ನನ್ ಬಾಯಲ್ಲಿ ಬರಲ್ಲ. ಮಾತು ಅಂದ್ರೆ ಮಾತು.”

ಮುಂದಿನ ಸಾಲಿನಲ್ಲಿ, ಹಿರಿಯರಿಗೆಂದು ಹಾಕಿದ ಕುರ್ಚಿಯಲ್ಲಿ, ಮೊಹಾ ಕೂತಿದ್ದ. ಪುದೀನಾ ಚಹಾ ಬೇರೆ ಹೀರುತ್ತಿದ್ದ, ನಾಚಿಕೆಗೆಟ್ಟವನು! ಅವನ ಹೆಂಡತಿ ರಬ್ಹಾ ಹಿಂದೆ ಊರ ಹೆಂಗಸರ ಜೊತೆ ನಿಂತಿದ್ದಳು.

ತೂದಾ ರೊಟ್ಟಿಯ ಕಥೆ ಹೇಳಿದಳು, ಕಟ್ಟಿದ ಕೈಗಳ ಕಥೆ ಹೇಳಿದಳು. ಆಮೇಲೆ ಮಾತು ನಿಲ್ಲಿಸಿ ಕಂಬಳಿ ಸರಿಮಾಡಿಕೊಂಡು ಹಾಡೆತ್ತಿದಳು.

“ಯಾರ ಕುದುರೆ ಬಂತು ಬಾಗಿಲಿಗೇ?”

ದನಿ ಒಡೆದಿತ್ತು. ಹೆಂಗಸರು ನೆಲ ನೋಡಿದರು. ಮೊಹಾನ ಕೈಯ ಲೋಟ ಅಲ್ಲೇ ನಿಂತಿತು. ಈಗಲೂ ಬಾಯಿ ಬಿಡದಿದ್ದರೆ ಇವರು ಇನ್ನು ಯಾವಾಗ ಬಿಟ್ಟಾರು? ಇನ್ನೊಮ್ಮೆ, ಜೋರಾಗಿ ಎತ್ತಿದಳು.

“ಯಾರ ಕುದುರೆ ಬಂತು ಬಾಗಿಲಿಗೇ?”

“ಮೊಹಾನದು!”

ಕೂಗಿದವಳು ರಬ್ಹಾ. ಮದುವೆಯಲ್ಲಿ ನಾಚಿ ತಲೆ ತಗ್ಗಿಸಿ ಆ ಹೆಸರು ಕೇಳಿಸಿಕೊಂಡಿದ್ದವಳು ಈಗ ತಲೆಯೆತ್ತಿ ಕೂಗಿದ್ದಳು. ಪಕ್ಕದವಳು ಅವಳ ಭುಜಕ್ಕೆ ಭುಜ ಕೊಟ್ಟಳು, ಅವಳ ಪಕ್ಕದವಳೂ ಕೊಟ್ಟಳು. ಸಾಲಿಗೆ ಸಾಲೇ ಕೂಗಿತು: “ಮೊಹಾನದು! ಮೊಹಾನದು!”

ಅಧಿಕಾರಿಣಿ ಓಡಿಬಂದಳು. “ಅಮ್ಮಾ, ಮಾತು ಕೊಟ್ಟಿದ್ರಿ!”

“ನಾನೆಲ್ಲಿ ಹೇಳ್ದೆ ಮಗಳೇ? ಕೇಳ್ದೆ, ಅಷ್ಟೇ.”

ಮೊಹಾ ಎದ್ದು ಬಾಗಿಲ ಕಡೆ ಹೊರಟಿದ್ದ. ಅಷ್ಟರಲ್ಲಿ ಮೈಕ್ ಬಂದ್ ಆಯಿತು. ತೂದಾಳಿಗೆ ಮೈಕು ಯಾವತ್ತು ಬೇಕಾಗಿತ್ತು?

“ನಿಂತ್ಕೋ. ಇನ್ನೊಂದು ಸಾಲಿದೆ,” ಎಂದಳು. “ಇದಕ್ಕೆ ಉತ್ರ ಈ ಹೆಂಗಸ್ರ ಹತ್ರ ಇಲ್ಲ, ನಿನ್ ಹತ್ರ ಇದೆ.”

ಅವನತ್ತಲೇ ನೋಡುತ್ತ ಹಾಡಿದಳು:

“ಎಲ್ಲಿಗೆ ಒಯ್ದೆ ನನ್ನವನನ್ನಾ?”