ಬಾವಿ ತಣ್ಣಗಾದದ್ದು

ಬಾವಿಯಲ್ಲಿ ಮೋಹಿನಿ ಇದೆ, ಮಟಮಟ ಮಧ್ಯಾಹ್ನ ಆ ಕಡೆ ಹೋಗಬೇಡಿ ಅಂತ ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಚಿಕ್ಕಂದಿನಿಂದ ಕೆರೆ, ಬಾವಿ, ನಾಲೆ ಎಲ್ಲದರಲ್ಲೂ ಬಿದ್ದು ಎದ್ದವನಿಗೆ ಯಾವ ಮೋಹಿನಿಯೂ ಸಿಕ್ಕಿರಲಿಲ್ಲ. ಮರಳ ಮೇಲೆ ಅಕ್ಷರ ತಿದ್ದಿದ್ದು ಬಿಟ್ಟರೆ ನನಗೆ ಓದು ಬರಹ ಅಷ್ಟಕ್ಕಷ್ಟೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿನ್ನೆ ನನ್ನ ಮೊಮ್ಮಗಳು ಕೆಂಪಿ, ಈ ಕೊರೆಯುವ ಚಳಿಯಲ್ಲಿ, ತೂಬಿನ ಕಟ್ಟೆಯಿಂದ ನಾಲೆಗೆ ಧುಮುಕಿ, ಆಚೆ ದಡ ಮುಟ್ಟಿ, ನಿಲ್ಲದೆ ಈಜಿಕೊಂಡು ವಾಪಸು ಬಂದಳು. ದಡದಲ್ಲಿದ್ದವರೆಲ್ಲ ಓ ಅಂತ ಕೂಗಿದರು. ನಾನು ಅತ್ತುಬಿಟ್ಟೆ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಹಿಂದೆ, ಯುದ್ಧದ ಕಾಲದಲ್ಲಿ. ಸೀಮೆಎಣ್ಣೆಗೆ ಮದ್ದೂರಿಗೆ ಹೋಗಿ ಕಾದು ಬರಿಗೈಯಲ್ಲಿ ಬರುತ್ತಿದ್ದ ದಿನಗಳು. ಮಗನ ಮಗಳು ಕೆಂಪಿ ಆಗಿನ್ನೂ ಮಗು. ಜ್ವರ ಬಂತು, ಇಳಿಯಿತು, ಇಳಿಯುವಾಗ ಎಡಗಾಲಿನ ಕಸುವನ್ನೂ ತೆಗೆದುಕೊಂಡು ಹೋಯಿತು. ಮುಟ್ಟಿದರೆ ಕಾಲು ಬಾಳೆದಿಂಡಿನ ಹಾಗೆ ತಣ್ಣಗೆ. ಮಳವಳ್ಳಿಯ ಪಂಡಿತರು ನೋಡಿ, ಹರಳೆಣ್ಣೆ ಉಜ್ಜಿ, ಬೆಚ್ಚನೆ ನೀರಲ್ಲಿ ಬಿಟ್ಟು ಕಾಲು ಆಡಿಸಬೇಕು, ತಣ್ಣೀರಿಗೆ ಇಳಿಸಿದರೆ ನರ ಸೆಟೆದುಕೊಳ್ಳುತ್ತದೆ ಅಂದರು. ಬೇಸಿಗೆಯೊಳಗೆ ಆಡದಿದ್ದರೆ ಈ ಕಾಲು ಇಷ್ಟೇ ಅಂತಲೂ ಅಂದರು.

ಮಗು ಮುಳುಗುವಷ್ಟು ನೀರು ಕಾಯಿಸುವ ಹಂಡೆ ಯಾರ ಮನೆಯಲ್ಲಿದೆ? ನಮ್ಮ ಕಡೆ ಇರುವುದು ಒಂದೇ ಹಂಡೆ, ಬಾವಿ. ಚಳಿಗಾಲದ ಮುಂಜಾನೆ ಬಾವಿಯಿಂದ ಹಬೆ ಏಳುತ್ತದೆ, ಇಳಿದರೆ ನೀರು ಬೆಚ್ಚಗೆ. ಬಿಸಿಲೇರಿತೋ, ಅದೇ ನೀರು ಮೈ ಕೊರೆಯುತ್ತದೆ. ಅದಕ್ಕೇ ಮಕ್ಕಳಿಗೆ ಈಜು ಕಲಿಸುವುದು ಮುಂಜಾನೆ. ನಾನೂ ಕೆಂಪಿಯ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನಮ್ಮ ಗದ್ದೆಬಾವಿಗೆ ಇಳಿಸುತ್ತಿದ್ದೆ. ಬೆಚ್ಚನೆ ನೀರಲ್ಲಿ ಬಲಗಾಲು ಬಡಿಯುತ್ತಿತ್ತು, ಎಡಗಾಲು ಒಂಚೂರು ಅಲುಗಿದ ಹಾಗೆ ಕಾಣುತ್ತಿತ್ತು. ಅಷ್ಟಕ್ಕೇ ನಾನು ಹಿಗ್ಗುತ್ತಿದ್ದೆ. ಪಕ್ಕದ ಗದ್ದೆಯ ಮರಿಸಿದ್ದ ಮೇಲಿಂದ ಬಗ್ಗಿ, "ಏನ್ ಮಾವ, ಮೊಮ್ಮಗಳ್ನ ಈಜುಸ್ಕಂಡೇ ಗಂಡನ ಮನೆಗ್ ಕಳುಸ್ತೀಯಾ?" ಅಂತ ರೇಗಿಸುತ್ತಿದ್ದ. "ಊ ಕಣ್ಲಾ, ನೀನು ಬುರುಡೆ ಒತ್ಕಂಡ್ ದಿಬ್ಬಣದಲ್ ಬಾ" ಅನ್ನುತ್ತಿದ್ದೆ.

ಒಂದು ದಿನ ಆಲೆಮನೆಯಲ್ಲಿ ನಮ್ಮ ಕಬ್ಬಿನ ಸರದಿ ಬಂತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬಿಟ್ಟು ಹೋಗುವ ಹಾಗಿಲ್ಲ, ಬೆಲ್ಲ ಸೀದು ಹೋಗುತ್ತದೆ. ಪಾಕ ಅಚ್ಚಿಗೆ ಬೀಳುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಮನೆಗೆ ಬಂದರೆ ಕೆಂಪಿ ಬುರುಡೆ ತಬ್ಬಿಕೊಂಡು ಬಾಗಿಲಲ್ಲೇ ಕೂತಿದ್ದಳು. "ಇವತ್ತು ಬ್ಯಾಡ ಕಣಮ್ಮಿ, ನೀರು ತಣ್ಣಗಾಗದೆ" ಅಂದೆ. ಕೇಳಲಿಲ್ಲ, ಅಳು. ಒಂದು ದಿನ ಬಿಟ್ಟರೆ ಕಾಲು ಹಿಂದಕ್ಕೆ ಹೋಗುತ್ತದೇನೋ ಅಂತ ನನಗೂ ಭಯ. ಎತ್ತಿಕೊಂಡು ಹೋದೆ.

ನೀರಿಗೆ ಬಿಟ್ಟ ಕೂಡಲೇ ಅವಳ ಮೈಯೆಲ್ಲ ಸೆಟೆಯಿತು. ಬಲಗಾಲೂ ಹಿಡಿದುಕೊಂಡಿತು. ಒದ್ದಾಟದಲ್ಲಿ ಬುರುಡೆ ಮೆಟ್ಟಿಲ ಕಲ್ಲಿಗೆ ಬಡಿದು ಒಡೆಯಿತು. ಕಣ್ಣೆದುರಿಗೇ ಮಗು ಕಲ್ಲಿನ ಹಾಗೆ ಇಳಿದುಹೋಯಿತು.

ಧುಮುಕಿದೆ. ಆಲೆಮನೆಯ ಒಲೆಯ ಮುಂದೆ ಬೆಂದ ಮೈ, ನೀರು ಮುಳ್ಳಿನ ಹಾಗೆ ಚುಚ್ಚಿತು. ಕೆಳಕ್ಕೆ ಹೋದಷ್ಟೂ ತಣ್ಣಗೆ, ಕತ್ತಲೆ. ಇನ್ನೇನು ಉಸಿರು ಸಾಲದು ಅನ್ನುವಾಗ ಕೈಗೆ ಬೆಚ್ಚನೆ ನೀರು ಸಿಕ್ಕಿತು. ಆಗ ತಾನೆ ಕರೆದ ಹಾಲಿನಷ್ಟು ಬೆಚ್ಚಗೆ. ಬಾವಿಯೆಲ್ಲ ಅಲ್ಲ, ಒಂದು ಮಗು ಹಿಡಿಸುವಷ್ಟು ಜಾಗ, ಅಷ್ಟೆ. ಅದರೊಳಗೆ ಕೆಂಪಿ ಇದ್ದಳು. ಮುಳುಗುತ್ತಲೂ ಇರಲಿಲ್ಲ, ತೇಲುತ್ತಲೂ ಇರಲಿಲ್ಲ. ಅವಳನ್ನು ಬಾಚಿ ತಬ್ಬಿದೆ. ಎರಡು ಕಾಲು ನನ್ನ ಹೊಟ್ಟೆಗೆ ಒದ್ದವು. ಸ್ವಾಮಿ, ಎರಡು ಕಾಲು!

ಮೇಲೆ ತಂದು ಮೆಟ್ಟಿಲ ಮೇಲೆ ಬೋರಲು ಹಾಕಿದೆ. ಒಂದು ಗುಟುಕು ನೀರು ಸಹ ಕುಡಿದಿರಲಿಲ್ಲ. ಕಣ್ಣು ಬಿಟ್ಟವಳು ನನ್ನ ಮೇಲೇ ಸಿಟ್ಟಾದಳು. "ಕೆಳಗೆ ಬೆಚ್ಚಗಿತ್ತು ಕಣ್ ತಾತ. ಯಾಕ್ ಎಳ್ಕಂಡ್ ಬಂದೆ?" ಅಂದಳು.

ಸಂಕ್ರಾಂತಿಗೆ ಅವಳು ಗೋಡೆ ಹಿಡಿದು ನಡೆದಳು. ಯುಗಾದಿಗೆ ಗೋಡೆ ಬಿಟ್ಟಳು. ಅವಳ ಅಜ್ಜಿ ಬಾವಿಗೆ ಹೋಗಿ, ಗಂಗಮ್ಮನಿಗೆ ಅಂತ ನೀರಿಗೆ ಅರಿಸಿನ ಕುಂಕುಮ ಬಿಟ್ಟು ಬಂದಳು. ಪಂಡಿತರು, ಹೆದರಿಕೆಗೆ ಒಮ್ಮೊಮ್ಮೆ ನರ ಬಿಡುತ್ತದೆ ಅಂದರು. ಇರಬಹುದು. ಆದರೆ ಬಾವಿಯ ವಿಷಯ ಅವರಿಗೆ ನಾನು ಹೇಳಲಿಲ್ಲ.

ಕೆಂಪಿ ಮುಳುಗಿದ ಮಾರನೆಯ ಮುಂಜಾನೆಯೇ ಹೋಗಿ ನೋಡಿದರೆ ನಮ್ಮ ಬಾವಿಯಲ್ಲಿ ಹಬೆ ಇರಲಿಲ್ಲ. ಮರಿಸಿದ್ದನ ಬಾವಿ ಕೂಗಳತೆಯಲ್ಲಿದೆ, ಅದರಲ್ಲಿ ಅನ್ನ ಬಸಿದ ಹಾಗೆ ಹಬೆ. ನಮ್ಮದರಲ್ಲಿ ಕೈ ಇಟ್ಟರೆ ಬೆರಳು ಮರಗಟ್ಟಿತು. ಆವತ್ತಿನಿಂದ ಈವತ್ತಿನವರೆಗೆ ಯಾವ ಚಳಿಗಾಲದಲ್ಲೂ ಅದು ಬೆಚ್ಚಗಾಗಿಲ್ಲ. ನಾನೂ ನಮ್ಮಪ್ಪನೂ ಬಂಡೆ ಒಡೆದು ತೋಡಿದ ಬಾವಿ ಅದು. ಅದರಲ್ಲಿ ಯಾರೂ ಬಿದ್ದು ಸತ್ತಿಲ್ಲ. ಯಾರ ಹೆಸರು ಹೇಳಿ ಕೈ ಮುಗಿಯಲಿ? ಇನ್ನೊಂದು ಮಾತು. ಕೆಂಪಿಯ ಎಡಗಾಲು ಎಂಥ ಚಳಿಯಲ್ಲೂ ಬೆಚ್ಚಗಿರುತ್ತದೆ. ನಿನ್ನೆ ನಾಲೆಯಿಂದ ಎದ್ದು ಬಂದಾಗ ಹಲ್ಲು ಕಟಕಟ ಅನ್ನುತ್ತಿತ್ತು, ಬಲಗಾಲು ಮಂಜಿನ ಹಾಗಿತ್ತು. ಎಡಗಾಲು ಹಿಡಿದೆ. ಕರೆದ ಹಾಲಿನ ಬಿಸಿ.

ಆ ಬಿಸಿ ಬಾವಿ ಕೊಟ್ಟದ್ದೋ, ಸಾಲವಾಗಿ ಬಿಟ್ಟಿರುವುದೋ ನನಗೆ ತಿಳಿಯದು. ಚಳಿಗಾಲ ಬಂತೆಂದರೆ ದಿನಾ ಕೋಳಿ ಕೂಗುವಾಗ ಎದ್ದು, ಹಬೆ ಎದ್ದಿರಬಾರದಪ್ಪಾ ಅಂತ ಬೇಡಿಕೊಂಡು ಬಾವಿ ನೋಡಲು ಹೋಗುತ್ತೇನೆ. ಬಗ್ಗಿ ನೋಡುತ್ತೇನೆ, ಮೆಟ್ಟಿಲಿಳಿದು ಕೈ ಅದ್ದುತ್ತೇನೆ. ಈವತ್ತೂ ಹೋಗಿದ್ದೆ. ಹಟ್ಟಿಗೆ ಬಂದರೆ ಅವಳ ಅಜ್ಜಿ ಒಲೆ ಮುಂದೆ, ಮುಖ ಎತ್ತದೆ, "ಏನಾರ ಕಾಣ್ತಾ?" ಅಂತ ಕೇಳಿದಳು.

"ಇಲ್ಲ ಕಣೆ. ತಣ್ಣಗೇ ಅದೆ" ಅಂದೆ.

ಆಮೇಲೇ ಇಬ್ಬರಿಗೂ ಮುದ್ದೆ ಗಂಟಲಲ್ಲಿ ಇಳಿದದ್ದು.